ಶಾಲೆಗೆಂದು ಹೊರಟ ಮಗ ಶಾಲೆಗೇ ಹೋಗುತ್ತಿಲ್ಲ, ಏನು ಮಾಡಲಿ?

ಅಕ್ಕಾ, ಮಗ ಕುಂಬಳೆ ಕಡೆಯ ಕನ್ನಡ ಶಾಲೆಯಲ್ಲಿ ಆರನೇ ತರಗತಿ ಎಂದಿದ್ದೀರಿ. ದಯವಿಟ್ಟು ಹೊಡೆಯಬೇಡಿ. ಹೊಡೆದರೆ ಸುಳ್ಳು ಹೇಳುವುದರಲ್ಲಿ ಪಳಗುತ್ತಾನೆ, ಅಷ್ಟೆ.

ಕ್ಲಾಸ್ ಟೀಚರಲ್ಲಿ ಕೇಳಿ ಅವನು ತಪ್ಪಿಸಿದ ದಿನಗಳನ್ನು ಬರೆದುಕೊಳ್ಳಿ. ಟೈಮ್ ಟೇಬಲ್ ಪಕ್ಕಕ್ಕಿಟ್ಟು ನೋಡಿ. ಒಂದೇ ಪಾಠದ ದಿನಗಳಲ್ಲಿ ಗೈರಾಗಿದ್ದರೆ ಕಾರಣ ಹೆಚ್ಚಾಗಿ ಅಲ್ಲೇ ಉಂಟು. ರಾತ್ರಿ ಊಟಕ್ಕೆ ಕೂತಾಗ ‘ಯಾಕೆ ಹೋಗಲಿಲ್ಲ’ ಎಂದು ಗದರಿಸದೆ, ‘ಯಾವ ಪೀರಿಯಡ್ ಕಷ್ಟ ಮಗಾ?’ ಎಂದು ಕೇಳಿ. ಉತ್ತರಕ್ಕೆ ಅವಸರ ಮಾಡಬೇಡಿ.

ನಮ್ಮ ಕಾಸರಗೋಡಿನಲ್ಲಿ ಇನ್ನೊಂದನ್ನು ನೋಡಲೇಬೇಕು. ಕನ್ನಡ ಮಾಧ್ಯಮದ ತರಗತಿಗೆ ಕನ್ನಡ ಬಾರದ ಅಧ್ಯಾಪಕರನ್ನು ನೇಮಿಸಿದ್ದಕ್ಕೆ ಇಲ್ಲಿ ಎಷ್ಟು ಸಲ ಪ್ರತಿಭಟನೆ ಆಗಿಲ್ಲ! ಮನೆಯಲ್ಲಿ ತುಳು, ಪುಸ್ತಕದಲ್ಲಿ ಕನ್ನಡ, ಪಾಠ ಮಲಯಾಳದಲ್ಲಿ ಅಂತಾದರೆ ಆ ಮಗು ಬೆಂಚಿನಲ್ಲಿ ಕೂತು ಮಾಡುವುದಾದರೂ ಏನು? ಅದಕ್ಕೆ ಸೋಮಾರಿತನ ಎಂದು ಹೆಸರಿಡುವುದು ಅನ್ಯಾಯ. ಹಾಗಿದ್ದರೆ ಬೇರೆ ಪೋಷಕರನ್ನೂ ಸೇರಿಸಿಕೊಂಡು ಪಿ.ಟಿ.ಎ. (ಶಿಕ್ಷಕ-ಪೋಷಕರ ಸಂಘ) ಸಭೆಯಲ್ಲಿ ವಿಷಯ ಎತ್ತಿ, ಎ.ಇ.ಒ. (ಸಹಾಯಕ ಶಿಕ್ಷಣಾಧಿಕಾರಿ) ಕಚೇರಿಗೆ ಲಿಖಿತವಾಗಿ ಕೊಡಿ.

ಪೆಟ್ಟು, ಅವಮಾನದ ಭಯವಾದರೆ 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಎರಡನ್ನೂ ನಿಷೇಧಿಸಿದೆ. ಮುಖ್ಯೋಪಾಧ್ಯಾಯರು ಕೇಳದಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ.