"ಆ ಶಾಬಾಸ್‌ಗಿರಿ ನಂದಲ್ರೀ, ಮೇಡಂ"

ಎರಡು ವರ್ಷಗಳಲ್ಲಿ ಇದೇ ಬಗೆಯ ನೋವು ಹೊತ್ತು, ಆಪ್ತ ಸಲಹೆ ಕೇಳಿ ನನ್ನ ಬಳಿ ಬಂದವರಲ್ಲಿ ಇವರು ನಾಲ್ಕನೆಯವರು. ಅದಕ್ಕೇ ಬರೆಯುತ್ತಿದ್ದೇನೆ. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ, ಅವರ ಒಪ್ಪಿಗೆಯೂ ಇದೆ.

ವಯಸ್ಸು 26. ಹಾವೇರಿ ಕಡೆಯ ಹೆಣ್ಣುಮಗಳು. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ, ಈಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ. ನಿದ್ದೆ ಬರಲ್ಲ, ರಾತ್ರಿ ಲ್ಯಾಪ್‌ಟಾಪ್ ತೆಗೆದರೆ ಎದೆ ಡವಡವ ಅನ್ನುತ್ತೆ ಎಂದು ಬಂದಿದ್ದರು. ಆಫೀಸಿನ ಒತ್ತಡ ಇರಬೇಕು ಅಂದುಕೊಂಡೆ. ಆಫೀಸಿನದ್ದು ಏನೂ ಇರಲಿಲ್ಲ. ರಾತ್ರಿ ಹೊತ್ತು ಅವರು ಒಂದು ಓಪನ್ ಸೋರ್ಸ್ ಗುಂಪಿಗೆ (ಯಾರು ಬೇಕಾದರೂ ನೋಡಿ, ತಿದ್ದಿ, ಬಳಸಬಹುದಾದ ಸಾಫ್ಟ್‌ವೇರನ್ನು ಕೂಡಿ ಕಟ್ಟುವವರು) ಕೋಡ್ ಬರೆದು ಕಳಿಸುತ್ತಿದ್ದರು, ಇಷ್ಟಪಟ್ಟು, ದುಡ್ಡಿಲ್ಲದೆ. ಮೊದಲ ಸಲ ಕಳಿಸಿದಾಗ ಬಂದ ಉತ್ತರ, ಇಂಗ್ಲಿಷ್ ಕಲಿತು ಬಾ ಎಂದು. ಅದರ ಕೆಳಗೆ ಹನ್ನೊಂದು ಜನ ನಗುವ ಇಮೋಜಿ ಒತ್ತಿದ್ದರು. ಇವರು ಎಣಿಸಿದ್ದರು.

ಎರಡು ತಿಂಗಳು ಆ ಕಡೆ ತಲೆ ಹಾಕಲಿಲ್ಲ. ಆಮೇಲೆ ಗಂಡು ಹೆಸರಿನಲ್ಲಿ ಹೊಸ ಖಾತೆ ತೆರೆದು ಅದೇ ಕೋಡ್ ಮತ್ತೆ ಕಳಿಸಿದರು. ಎರಡೇ ದಿನದಲ್ಲಿ ಸೇರಿಸಿಕೊಂಡರು. ಅಲ್ಲಿಂದ ಎಂಟು ತಿಂಗಳು ಎಲ್ಲರೂ ಚೆನ್ನಾಗಿಯೇ ಮಾತಾಡಿಸಿದ್ದಾರೆ. ಹಾಗಿದ್ದರೆ ಎದೆ ಡವಡವ ಯಾಕೆ?

ಮೂರನೇ ಭೇಟಿಯಲ್ಲಿ ಗೊತ್ತಾಯಿತು. ಫೋನ್ ತೆಗೆದು ಒಂದು ಸಂದೇಶ ತೋರಿಸಿದರು. 'ಗ್ರೇಟ್ ವರ್ಕ್, ಬ್ರೋ.' ಖುಷಿ ಆಗಿರಬೇಕಲ್ವಾ ಎಂದೆ. ಅವರು ಫೋನನ್ನು ಮೇಜಿನ ಮೇಲೆ ಬೋರಲು ಹಾಕಿದರು.

"ಆ ಶಾಬಾಸ್‌ಗಿರಿ ನಂದಲ್ರೀ, ಮೇಡಂ. ಅವಂದು."

"ಅವನು ಅಂದರೆ?"

"ನಾನ ಹುಟ್ಟಿಸಿದ ಹುಡುಗ. ರಾತ್ರಿಯೆಲ್ಲ ಕುಂತು ಬರಿಯಾಕಿ ನಾನು, ಹೆಸರು ಅವಂದು. ಯಾರರೆ ಕಾಲ್‌ಗೆ ಬಾ ಅಂದ್ರ ನೆಟ್‌ವರ್ಕ್ ಇಲ್ಲ ಅಂತೀನಿ. ದನಿ ಕೇಳಿದ್ರ ಗೊತ್ತಾಗ್ತೈತಲ್ರೀ."

ಸ್ವಲ್ಪ ಹೊತ್ತು ಇಬ್ಬರೂ ಮಾತಾಡಲಿಲ್ಲ. ಆಮೇಲೆ ಅವರೇ ಕೇಳಿದರು, "ನಂದು ಹೇಡಿತನ ಅಲ್ಲೇನ್ರೀ ಇದು?"

ಅಲ್ಲ ಎಂದೆ. ಸಮಾಧಾನಕ್ಕೆ ಹೇಳಿದ ಮಾತಲ್ಲ ಅದು. ಇಂಥ ಗುಂಪುಗಳು ಕೋಡ್ ಇಟ್ಟು ಹಂಚಿಕೊಳ್ಳುವ ಗಿಟ್‌ಹಬ್ ಎಂಬ ಜಾಲತಾಣಕ್ಕೆ ಬಂದ ಕೋಡ್‌ಗಳನ್ನು ನೋಡಿ ಮಾಡಿದ, 2017ರಲ್ಲಿ ಪ್ರಕಟವಾದ ಒಂದು ಅಧ್ಯಯನವಿದೆ. ಒಟ್ಟಾರೆ ಹೆಂಗಸರ ಕೋಡ್‌ಗೆ ಒಪ್ಪಿಗೆ ಸುಮಾರು ಶೇ. 79, ಗಂಡಸರದ್ದಕ್ಕೆ ಸುಮಾರು ಶೇ. 75. ಆದರೆ ಹೊರಗಿನಿಂದ ಹೊಸದಾಗಿ ಬಂದವರು, ಪ್ರೊಫೈಲ್ ನೋಡಿದರೆ ಹೆಣ್ಣು ಎಂದು ಗೊತ್ತಾಗುವಂತಿದ್ದರೆ, ಆ ಒಪ್ಪಿಗೆ ಗಂಡಸರಿಗಿಂತ ಕೆಳಗಿಳಿಯುತ್ತದೆ. ಇದನ್ನು ಅವರಿಗೆ ಹೇಳಿದೆ. ನೀವು ಹೆಸರು ಬದಲಿಸಿದ್ದು ಅಲ್ಲಿನ ಗಾಳಿ ಯಾವ ಕಡೆ ಬೀಸುತ್ತಿದೆ ಎಂದು ಸರಿಯಾಗಿ ತಿಳಿದುಕೊಂಡಿದ್ದರಿಂದ ಎಂದೆ. ಅವತ್ತು ಮೊದಲ ಸಲ ಅತ್ತರು.

ನಾನು ಕೊಟ್ಟ ಸಲಹೆ ಇಷ್ಟೇ. ನಿಜ ಹೆಸರು ಹೇಳಲೇಬೇಕೆಂದಿಲ್ಲ, ಅದಕ್ಕೆ ಗಡುವೂ ಇಲ್ಲ. ಹೇಳಬೇಕು ಅನಿಸಿದರೆ ಇಡೀ ಗುಂಪಿಗೆ ಬೇಡ, ನಂಬಿಕೆ ಹುಟ್ಟಿಸಿದ ಒಬ್ಬರಿಗೆ ಮೊದಲು ಹೇಳಿ. ಅದಕ್ಕೂ ಮುಂಚೆ, ಗುಂಪಿನ ನಡತೆಯ ನಿಯಮದಲ್ಲಿ ದೂರು ಯಾರಿಗೆ ಹೋಗುತ್ತದೆ ಎಂದು ನೋಡಿ. ನಿಯಮ ಇದ್ದು ಕೇಳುವವರೇ ಇಲ್ಲದಿದ್ದರೆ ಅಂಥ ಗುಂಪು ಬಿಟ್ಟುಬಿಡಿ, ನಿಮ್ಮ ರಾತ್ರಿಗಳು ಅಷ್ಟು ಅಗ್ಗ ಅಲ್ಲ.

ನನ್ನ ಜೊತೆಗಾರರಲ್ಲಿ ಕೆಲವರಿಗೆ ಇದು ಹಿಡಿಸಲಿಲ್ಲ. ಧೈರ್ಯ ಹೇಳಬೇಕಿತ್ತು, ಎದುರಿಸಿ ಅನ್ನಬೇಕಿತ್ತು ಎಂದರು. ನಾನು ಒಪ್ಪುವುದಿಲ್ಲ. ಕೆಟ್ಟ ಮನೆಯನ್ನು ರಿಪೇರಿ ಮಾಡುವ ಕೆಲಸವನ್ನು ಅದೇ ಮನೆಯಲ್ಲಿ ಪೆಟ್ಟು ತಿಂದವರ ತಲೆಗೆ ಕಟ್ಟುವುದು ಯಾವ ನ್ಯಾಯ? ಆ ಕೆಲಸ ಅಲ್ಲಿ ಹತ್ತು ವರ್ಷದಿಂದ ಆರಾಮಾಗಿ ಕೂತವರದ್ದು. ಅವರು ಮನಸ್ಸು ಮಾಡಿದರೆ ಆಗುತ್ತದೆ. 2006ರಲ್ಲಿ ಗ್ನೋಮ್ ಎಂಬ ಓಪನ್ ಸೋರ್ಸ್ ಯೋಜನೆಗೆ, ವಿದ್ಯಾರ್ಥಿಗಳು ಇಂಥ ಗುಂಪುಗಳಿಗೆ ಕೋಡ್ ಬರೆಯುವ ಗೂಗಲ್‌ನ ಬೇಸಿಗೆ ಕಾರ್ಯಕ್ರಮದ ಮೂಲಕ 181 ಅರ್ಜಿ ಬಂದವು, ಒಂದೂ ಹೆಣ್ಣುಮಕ್ಕಳದ್ದಲ್ಲ. ಅವರು ಕೈಕಟ್ಟಿ ಕೂರಲಿಲ್ಲ. ಅದೇ ಬೇಸಿಗೆಯಲ್ಲಿ ಹೆಣ್ಣುಮಕ್ಕಳಿಗೆಂದೇ ಕರೆ ಕೊಟ್ಟರು, ನೂರರಷ್ಟು ಅರ್ಜಿ ಬಂದವು. ಅವಕಾಶ ಕಡಿಮೆ ಸಿಕ್ಕವರನ್ನು ಓಪನ್ ಸೋರ್ಸ್ ಕೆಲಸಕ್ಕೆ ಕರೆತರುವ ಇಂದಿನ ಔಟ್‌ರೀಚಿ ಕಾರ್ಯಕ್ರಮ ಬೆಳೆದದ್ದು ಆ ಬೇರಿನಿಂದಲೇ. 'ನಾವೇನೂ ಬಾಗಿಲು ಹಾಕಿಲ್ಲ, ಅವರೇ ಬರಲ್ಲ' ಅನ್ನುವ ಹಿರಿಯರು ಈ ಎರಡು ಲೆಕ್ಕ ನೋಡಬೇಕು.

ಹನ್ನೊಂದು ಇಮೋಜಿ ಒತ್ತಿದವರೆಲ್ಲ ಕೆಟ್ಟವರು ಎಂದು ನಾನು ಹೇಳಲಾರೆ. ಬಹುಶಃ ಸುಮ್ನೆ ಒತ್ತಿರಬಹುದು. ಆದರೆ ಆ ಉತ್ತರದ ಕೆಳಗೆ ಒಬ್ಬರಾದರೂ 'ಕೋಡ್ ಸರಿ ಇದೆ, ಈ ಸಾಲು ಬದಲಿಸಿ' ಎಂದು ಬರೆದಿದ್ದರೆ ಇವರು ನನ್ನ ಬಳಿ ಬರುವ ಪ್ರಮೇಯವೇ ಇರುತ್ತಿರಲಿಲ್ಲ. ಓದುತ್ತಿರುವ ನೀವು ಇಂಥ ಗುಂಪಿನಲ್ಲಿದ್ದರೆ, ದಯವಿಟ್ಟು ಆ ಒಬ್ಬರಾಗಿ. ಹೊಸಬರ ಮೊದಲ ಪ್ರಶ್ನೆಗೆ ಮೊದಲ ಉತ್ತರ ನಿಮ್ಮದಿರಲಿ.

ಆರನೇ ಭೇಟಿಗೆ ಬಂದಾಗ ಅವರು ಒಬ್ಬರಿಗೆ ಹೇಳಿದ್ದರು, ತಮ್ಮ ಕೋಡ್ ಪರಿಶೀಲಿಸುವ ವ್ಯಕ್ತಿಗೆ. ಎರಡು ದಿನ ಉತ್ತರವಿರಲಿಲ್ಲವಂತೆ, ಆ ಎರಡೂ ರಾತ್ರಿ ನಿದ್ದೆ ಇಲ್ಲ. ಆಮೇಲೆ ಬಂದದ್ದನ್ನು ತೋರಿಸಿದರು. ಇಷ್ಟು ದಿನ ಬ್ರೋ ಎಂದಿದ್ದಕ್ಕೆ ಕ್ಷಮಿಸಿ ಎಂದು ಒಂದು ಸಾಲು. ಕೆಳಗೆ ಎಂದಿನಂತೆ, 40ನೇ ಸಾಲಿನ ಫಂಕ್ಷನ್ ಹೆಸರು ಉದ್ದವಾಯಿತು, ಚಿಕ್ಕದು ಮಾಡಿ.

"ಮೊದಲಿನಂಗ ತಪ್ಪು ಹುಡುಕ್ಯಾರ ನೋಡ್ರೀ" ಎಂದು ನಕ್ಕರು. ಗುಂಪಿನಲ್ಲಿ ಇನ್ನೂ ಆ ಹುಡುಗನ ಹೆಸರೇ ಇದೆ.