ಚಿಕ್ಕ ಮಕ್ಕಳ ಜೊತೆ ಗ್ವಾಟೆಮಾಲಾದ ಆಂಟಿಗುವಾಗೆ ಹೋಗಬಹುದೇ?

ಧಾರಾಳವಾಗಿ ಹೋಗಬಹುದು, ಆದರೆ ಮಗುವಿನ ತಳ್ಳುಗಾಡಿ ಬೇಡ. ಬೀದಿಗಳಿಗೆ ಉಬ್ಬುತಗ್ಗಿನ ಕಲ್ಲುಹಾಸು, ಚಕ್ರ ಸಿಕ್ಕಿಕೊಳ್ಳುತ್ತದೆ. ಕೂಸನ್ನು ಕಟ್ಟಿಕೊಳ್ಳುವ ಬೇಬಿ ಕ್ಯಾರಿಯರ್ ವಾಸಿ. ಫುಟ್‌ಪಾತ್ ಇಕ್ಕಟ್ಟು, ಸಾಲದ್ದಕ್ಕೆ ಹಳೇ ಮನೆಗಳ ಕಿಟಕಿ ಸರಳುಗಳು ಗೋಡೆಯಿಂದ ಹೊರಚಾಚಿರುತ್ತವೆ. ಓಡುವ ಮಗುವಿನ ಹಣೆಗೆ ಅದರ ಮೂಲೆ ಬಡಿದೀತು, ಕೈ ಹಿಡಿದೇ ನಡೆಸಿ.

1773ರ ಭೂಕಂಪದಲ್ಲಿ ಹಾಳಾದ ಸಾಂತಾ ಕ್ಲಾರಾ ಕಾನ್ವೆಂಟಿನ (ಕ್ರೈಸ್ತ ಸನ್ಯಾಸಿನಿಯರ ಮಠ) ಅಂಗಳದಲ್ಲಿ ಆಡಲು ಜಾಗವಿದೆ. ಲಾ ಮೆರ್ಸೆಡ್ ಚರ್ಚಿನ ದೊಡ್ಡ ಕಾರಂಜಿಯನ್ನಂತೂ ಬಿಡಬೇಡಿ.

ಊರು ಸುಮಾರು 1,500 ಮೀಟರ್ ಎತ್ತರದಲ್ಲಿದೆ: ಬೆಳಿಗ್ಗೆ ಸ್ವೆಟರ್, ನಡುಹಗಲು ಟೋಪಿ. ಮೇ–ಅಕ್ಟೋಬರ್ ಮಳೆಗಾಲ, ಮಳೆ ಹೆಚ್ಚಾಗಿ ಮಧ್ಯಾಹ್ನದ ಮೇಲೆ; ತಿರುಗಾಟ ಊಟದೊಳಗೆ ಮುಗಿಸಿ. ನಲ್ಲಿ ನೀರು ಹಲ್ಲುಜ್ಜಲೂ ಬೇಡ. ಹತ್ತಿರದ ಎತ್ತರದ ಜ್ವಾಲಾಮುಖಿ ಅಕಾತೆನಾಂಗೊದ ಚಾರಣ ಮರೆತುಬಿಡಿ. ಆಕಾಶ ತಿಳಿಯಾಗಿದ್ದರೆ ಫುಎಗೊ ಜ್ವಾಲಾಮುಖಿ ಹೊಗೆಯುಗುಳುವುದು ಹೋಟೆಲಿನ ತಾರಸಿಯಿಂದಲೇ ಕಂಡೀತು.