ಭ್ರೂಣದ ಸ್ಟೆಮ್ ಸೆಲ್ ಸಂಶೋಧನೆಗೆ ಅಮೆರಿಕದಲ್ಲಿ ಅಷ್ಟು ವಿರೋಧ, ನಮ್ಮಲ್ಲಿ ಯಾಕಿಲ್ಲ?

ಅಮೆರಿಕದಲ್ಲಿ ಚರ್ಚುಗಳೂ ರಾಜಕಾರಣಿಗಳೂ ವರ್ಷಗಟ್ಟಲೆ ವಿರೋಧಿಸಿದ ಈ ಸಂಶೋಧನೆ ಬಗ್ಗೆ ಭಾರತದಲ್ಲಿ ಯಾರೂ ಯಾಕೆ ಮಾತಾಡಲಿಲ್ಲ, ನಾವು ಅವರಿಗಿಂತ ಉದಾರಿಗಳಾ ಅಂತ ಕೇಳಿದ್ದೀರಿ. ನಾನು ಹುಬ್ಬಳ್ಳಿಯ ಒಂದು ಐವಿಎಫ್ (ದೇಹದ ಹೊರಗೆ ಅಂಡ, ವೀರ್ಯ ಸೇರಿಸಿ ಭ್ರೂಣ ಮಾಡುವ ಚಿಕಿತ್ಸೆ) ಕೇಂದ್ರದ ಲ್ಯಾಬಿನಲ್ಲಿ ಭ್ರೂಣ ಬೆಳೆಸುವ ಕೆಲಸ ಮಾಡುತ್ತೇನೆ. ಇದು ಉದಾರತೆ ಅಂತ ನನಗೆ ಅನ್ನಿಸುವುದಿಲ್ಲ. ನಮ್ಮಲ್ಲಿ ಪ್ರಶ್ನೆಯನ್ನೇ ಯಾರೂ ಎತ್ತಲಿಲ್ಲ, ಅಷ್ಟೇ.

ಜಗಳದ ಬೇರು ಇಲ್ಲಿದೆ. ಐದನೇ ದಿನದ ಭ್ರೂಣದಲ್ಲಿ ಸುಮಾರು 100ರಿಂದ 200 ಕೋಶಗಳಿರುತ್ತವೆ. ಬರಿಗಣ್ಣಿಗೆ ಹೆಚ್ಚೆಂದರೆ ಒಂದು ಚುಕ್ಕೆ. ಅದರ ಒಳಗಿನ ಕೋಶಗಳ ಸಣ್ಣ ಗುಂಪಿನಿಂದಲೇ ಸ್ಟೆಮ್ ಸೆಲ್, ಅಂದರೆ ದೇಹದ ಯಾವ ಬಗೆಯ ಕೋಶವಾಗಿಯೂ ಬೆಳೆಯಬಲ್ಲ ಮೂಲ ಕೋಶ, ತೆಗೆಯುತ್ತಾರೆ. 1998ರಲ್ಲಿ ವಿಸ್ಕಾನ್ಸಿನ್‌ನ ವಿಜ್ಞಾನಿ ಜೇಮ್ಸ್ ಥಾಮ್ಸನ್ ಮನುಷ್ಯ ಭ್ರೂಣದಿಂದ ಮೊದಲ ಸಲ ಹೀಗೆ ತೆಗೆದು ಬೆಳೆಸಿದರು. ಆದರೆ ಹೀಗೆ ತೆಗೆದರೆ ಸಾಮಾನ್ಯವಾಗಿ ಆ ಭ್ರೂಣ ಉಳಿಯುವುದಿಲ್ಲ. ಜೀವ ಗರ್ಭ ಕಟ್ಟಿದ ಕ್ಷಣದಿಂದಲೇ ಶುರು ಅಂತ ನಂಬುವವರಿಗೆ ಇದು ಕೊಲೆಗೆ ಸಮ. ಕ್ಯಾಥೊಲಿಕ್ ಚರ್ಚಿನ ನಿಲುವು ನನಗೆ ಒಪ್ಪಿಗೆ ಇಲ್ಲ, ಆದರೆ ಅದರಲ್ಲಿ ಎರಡು ನಾಲಿಗೆ ಇಲ್ಲ. ಅವರು 1987ರಲ್ಲೇ ಐವಿಎಫ್ ಅನ್ನೂ ತಪ್ಪು ಅಂದರು. ಅಂದರೆ ನನ್ನ ಕೆಲಸವೇ ಅವರಿಗೆ ತಪ್ಪು.

ರಾಜಕೀಯ ಅಷ್ಟು ನೇರ ಇರಲಿಲ್ಲ. 2001ರ ಆಗಸ್ಟ್ 9ರಂದು ಅಧ್ಯಕ್ಷ ಬುಷ್, ಆವತ್ತಿಗಾಗಲೇ ತಯಾರಾಗಿದ್ದ ಕೋಶ ಸಾಲುಗಳಿಗೆ (ಒಂದು ಭ್ರೂಣದಿಂದ ತೆಗೆದು ಲ್ಯಾಬಿನಲ್ಲಿ ಬೆಳೆಸುತ್ತಲೇ ಇರುವ ಕೋಶಗಳಿಗೆ) ಮಾತ್ರ ಕೇಂದ್ರ ಸರ್ಕಾರದ ಹಣ ಅಂದರು. ಅಂಥ ಸಾಲುಗಳಿದ್ದ ಸಂಸ್ಥೆಗಳ ಪಟ್ಟಿಯಲ್ಲಿ ನಮ್ಮ ಬೆಂಗಳೂರಿನ ಎನ್‌ಸಿಬಿಎಸ್ ಎಂಬ ಜೀವವಿಜ್ಞಾನ ಸಂಶೋಧನಾ ಸಂಸ್ಥೆಯೂ ಇತ್ತು! 2006ರಲ್ಲಿ ಅಮೆರಿಕದ ಸಂಸತ್ತು ಈ ಮಿತಿ ಸಡಿಲಿಸಲು ಹೋದಾಗ ಬುಷ್ ತಮ್ಮ ಮೊದಲ ವೀಟೊ (ಮಸೂದೆ ತಡೆಯುವ ಅಧಿಕಾರ) ಚಲಾಯಿಸಿದರು. ಬೇರೆ ದಂಪತಿಗಳ ಐವಿಎಫ್ ಚಿಕಿತ್ಸೆಯಲ್ಲಿ ಉಳಿದಿದ್ದ ಭ್ರೂಣದಿಂದ ಹುಟ್ಟಿದ ಮಕ್ಕಳನ್ನು ಆವತ್ತು ಜೊತೆಗೆ ನಿಲ್ಲಿಸಿಕೊಂಡಿದ್ದರು. ಆದರೆ ಅವರದೇ ಪಕ್ಷದ ಸೆನೆಟರ್ ಆರಿನ್ ಹ್ಯಾಚ್, ಗರ್ಭಪಾತದ ಕಟ್ಟಾ ವಿರೋಧಿ, ಈ ಸಂಶೋಧನೆಯ ಪರ ಇದ್ದರು. 2009ರಲ್ಲಿ ಒಬಾಮ ಆ ಮಿತಿ ತೆಗೆದರು. ಧರ್ಮವೆಲ್ಲ ಒಂದು ಕಡೆ, ವಿಜ್ಞಾನ ಇನ್ನೊಂದು ಕಡೆ ಅನ್ನುವ ಲೆಕ್ಕ ಸುಮ್ನೆ ಹೇಳುವ ಮಾತು. ಯಹೂದಿ ಸಂಪ್ರದಾಯದಲ್ಲಿ 40 ದಿನದೊಳಗಿನ ಭ್ರೂಣ ಬರೀ ನೀರಿನಂತೆ. ಇಸ್ಲಾಮಿನ ಅನೇಕ ಪಂಡಿತರ ಪ್ರಕಾರ ಜೀವ ತುಂಬುವುದು 120 ದಿನಕ್ಕೆ. ಇರಾನಿನ ರೋಯಾನ್ ಸಂಸ್ಥೆ 2003ರಲ್ಲೇ ಇಂಥ ಕೋಶ ತಯಾರಿಸಿತು.

2006ರಲ್ಲಿ ಜಪಾನಿನ ವಿಜ್ಞಾನಿ ಯಮನಾಕಾ ಇಲಿಯ ಚರ್ಮದ ಕೋಶವನ್ನೇ ಸ್ಟೆಮ್ ಸೆಲ್‌ನಂತೆ ಮಾಡಿ ತೋರಿಸಿದರು, ಮರುವರ್ಷ ಮನುಷ್ಯರ ಕೋಶದಲ್ಲೂ ಆಯಿತು. ಇದಕ್ಕೆ ಭ್ರೂಣವೇ ಬೇಕಿಲ್ಲ; ಗಲಾಟೆ ತಣ್ಣಗಾಗಲು ಅದು ದೊಡ್ಡ ಕಾರಣ. ಆದರೂ ಭ್ರೂಣದ ಕೋಶಗಳ ಕೆಲಸ ಮುಗಿದಿಲ್ಲ. ಪಾರ್ಕಿನ್ಸನ್ ರೋಗಕ್ಕೆ ಈಗ ನಡೆಯುತ್ತಿರುವ ಒಂದು ಪ್ರಯೋಗ ಥಾಮ್ಸನ್ ಬೆಳೆಸಿದ ಕೋಶಗಳಿಂದಲೇ ಬಂದದ್ದು.

ಇನ್ನು ನಮ್ಮ ಕಡೆ. ನಮಗೆ ಭ್ರೂಣದ ಬಗ್ಗೆ ಭಾವನೆ ಇಲ್ಲ ಅಂತಲ್ಲ. ನಮ್ಮ ಭಾಗದಲ್ಲಿ ಕುಬಸ (ಸೀಮಂತ) ಎಷ್ಟು ಸಡಗರದಿಂದ ಮಾಡುತ್ತಾರೆ ನೋಡಿ. ಲಿಂಗಾಯತರಲ್ಲಿ ಎಂಟನೇ ತಿಂಗಳಿಗೆ ಹೊಟ್ಟೆಯೊಳಗಿನ ಕೂಸಿಗೇ ಲಿಂಗಧಾರಣೆ ಮಾಡಿಸುವ ಪದ್ಧತಿ ಇದೆ. ಆದರೆ ಇವೆಲ್ಲ ಬಸಿರು ನಿಂತು ತಿಂಗಳುಗಳಾದ ಮೇಲಿನ ಮಾತು. ಐದನೇ ದಿನದ, ನೈಟ್ರೋಜನ್ ಟ್ಯಾಂಕಿನಲ್ಲಿ ಹೆಪ್ಪುಗಟ್ಟಿಸಿಟ್ಟಿರುವ ಚುಕ್ಕೆಯ ಬಗ್ಗೆ ಯಾವ ಮಠವೂ ಯಾವ ಪಕ್ಷವೂ ಇಲ್ಲಿ ಮಾತಾಡಿದ್ದು ನಾನು ಕೇಳಿಲ್ಲ.

ಹಾಗಾಗಿ ಆ ಭಾರವೆಲ್ಲ ದಂಪತಿಗಳ ತಲೆ ಮೇಲೆ ಬರುತ್ತದೆ. ಐವಿಎಫ್‌ನಂಥ ಚಿಕಿತ್ಸೆಗಳನ್ನು ನಿಯಂತ್ರಿಸುವ 2021ರ ಕಾಯ್ದೆ ಪ್ರಕಾರ ಉಳಿದ ಭ್ರೂಣವನ್ನು 10 ವರ್ಷದವರೆಗೆ ಇಡಬಹುದು. ಆಮೇಲೆ ನಶಿಸಲು ಬಿಡಬೇಕು, ಇಲ್ಲವೇ ಅವರ ಒಪ್ಪಿಗೆ ಪಡೆದು ನೋಂದಾಯಿತ ಸಂಶೋಧನಾ ಸಂಸ್ಥೆಗೆ ಕೊಡಬೇಕು. ಲ್ಯಾಬಿನಲ್ಲಿ 14 ದಿನ ದಾಟಿ ಬೆಳೆಸುವಂತಿಲ್ಲ ಅಂತ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಮಾರ್ಗಸೂಚಿ ಹೇಳುತ್ತದೆ. ನಿಯಮ ಚೆನ್ನಾಗಿದೆ. ಆದರೆ ರೋಣ, ಸವಣೂರು, ನವಲಗುಂದದಿಂದ ಬಂದವರು ಫಾರ್ಮ್ ಮುಂದೆ ಕುಳಿತಾಗ ಕೇಳುವುದು ಸಾಮಾನ್ಯವಾಗಿ ಒಂದೇ: "ಎಲ್ಲಿ ಸಹಿ ಮಾಡ್ಬೇಕ್ರಿ?" ಮಗು ಆಗಲಿ ಅನ್ನುವುದೊಂದೇ ಆಗ ಅವರ ಮನಸ್ಸಿನಲ್ಲಿರುತ್ತದೆ. ಉಳಿದವು ಏನಾಗಬೇಕು ಅಂತ ಬಿಡಿಸಿ ಹೇಳಿದರೆ ಮಾತ್ರ ಯೋಚಿಸುತ್ತಾರೆ. "ಚೆಲ್ಲಬ್ಯಾಡ್ರಿ, ಅದೂ ನಮ್ಮ ಕೂಸ" ಅಂದ ಅತ್ತೆಯರಿದ್ದಾರೆ. ಯಾರಿಗಾದರೂ ಉಪಯೋಗ ಆಗುವುದಾದರೆ ಕೊಡುತ್ತೇವೆ ಅಂದ ಗಂಡಹೆಂಡತಿಯರೂ ಇದ್ದಾರೆ. ಎರಡೂ ಸರಿಯಾದ ಉತ್ತರಗಳೇ ಅಲ್ವಾ? ಉತ್ತರ ಅವರದಾಗಿರಬೇಕು, ಅಷ್ಟೇ ಮುಖ್ಯ.

ನಾನು ಸಂಶೋಧನೆಯ ಪರ. ನಶಿಸಿಯೇ ಹೋಗುವ ಭ್ರೂಣದಿಂದ ಒಬ್ಬ ರೋಗಿಗೆ ದಾರಿ ಸಿಗುವುದಾದರೆ ಅದು ಒಳ್ಳೆಯ ಕೆಲಸ ಅಂತ ನಂಬುತ್ತೇನೆ. ಆದರೂ ಆ ವಿರೋಧಿಗಳ ಬಗ್ಗೆ ನನಗೆ ಗೌರವ ಇದೆ. ಈ ಚುಕ್ಕೆಗೆ ನಾವು ಏನು ಋಣಿ ಅಂತ ಇಡೀ ದೇಶ ಕೇಳಿಕೊಳ್ಳುವಂತೆ ಅವರು ಮಾಡಿದರು. ಇಲ್ಲಿ ಅದನ್ನು ಫಾರ್ಮಿನ ಒಂದು ಸಾಲಿನಲ್ಲಿ ಮುಗಿಸುತ್ತೇವೆ. ಆ ಫಾರ್ಮ್ ಸರಳ ಕನ್ನಡದಲ್ಲಿರಬೇಕು. ಸಂಶೋಧನೆಯ ಒಪ್ಪಿಗೆಯನ್ನು ಚಿಕಿತ್ಸೆಯ ಆತಂಕದ ಮಧ್ಯೆ ಕೇಳಬಾರದು. ಮಗು ಹುಟ್ಟಿ, ಅಥವಾ ಚಿಕಿತ್ಸೆ ನಿಲ್ಲಿಸಿ, ಮನಸ್ಸು ತಿಳಿಯಾದ ಮೇಲೆ ಗಂಡಹೆಂಡತಿ ಇಬ್ಬರನ್ನೂ ಕೂರಿಸಿ ಬೇರೆಯಾಗಿ ಕೇಳಬೇಕು.